ನಡುಹೊಳೆಯ ದಾರಿ

ನದೀತೀರದಲ್ಲಿ ಒಂದು ಆಶ್ರಮ. ಅಲ್ಲಿನ ಶಿಷ್ಯರದು ಹರಿಗೋಲು ಹಾಕುವ ಕಾಯಕ. ಬೆಲ್ಲ, ಉಪ್ಪು, ಬಟ್ಟೆ, ಜನ, ಎಲ್ಲವನ್ನೂ ಆಚೆ ದಡ ಮುಟ್ಟಿಸಿದರೇ ಆಶ್ರಮದ ಒಲೆ ಉರಿಯುತ್ತಿತ್ತು.

ನಡುಹೊಳೆಯಲ್ಲಿ ನೀರೊಳಗೆ ಬಂಡೆಗಳು ಅಡಗಿದ್ದವು. ಅವುಗಳ ನಡುವಿನ ದಾರಿ ಬಲ್ಲವನು ಶಿಷ್ಯರಲ್ಲಿ ಭೋಗಣ್ಣ ಒಬ್ಬನೇ. ಅವನು ಬರುವ ತನಕ ಹರಿಗೋಲುಗಳೆಲ್ಲ ದಡದಲ್ಲಿ ಬೋರಲು ಬಿದ್ದಿರುತ್ತಿದ್ದವು.

ಬಂಡೆಗಳು ಹತ್ತಿರವಾದಾಗ ಭೋಗಣ್ಣ ಹುಟ್ಟನ್ನು ತಾನೇ ಹಿಡಿದು ಗಟ್ಟಿಯಾಗಿ ಹೇಳುತ್ತಿದ್ದ: "ಗಂಗಮ್ಮನ ಜಾಗ ಬಂತು. ಕಣ್ಣು ಮುಚ್ಚಿ ಕೈ ಮುಗೀರಿ."

ಎಲ್ಲರೂ ಮುಚ್ಚುತ್ತಿದ್ದರು. ತೆರೆಯುವಷ್ಟರಲ್ಲಿ ಬಂಡೆಗಳು ಹಿಂದಾಗಿರುತ್ತಿದ್ದವು.

ಹರಿಗೋಲುಗಳ ಯಜಮಾನಿಕೆ ನೋಡುತ್ತಿದ್ದ ಹಿರಿಯರು ತೀರಿಕೊಂಡರು. ಆ ಜಾಗ ತನಗೇ ಸಲ್ಲಬೇಕೆಂದು ಭೋಗಣ್ಣ ಗುರುಗಳ ಬಳಿ ಹೋದ.

"ಬುದ್ಧಿ, ನಾನಿಲ್ಲದಿದ್ದರೆ ಒಂದು ಹರಿಗೋಲೂ ಅಲ್ಲಾಡಲ್ಲ."

"ನಿಜ," ಎಂದರು ಗುರುಗಳು. "ಅದಕ್ಕೇ ಕೊಡೋಕೆ ಹೆದರಿಕೆ."

"ನನ್ನಲ್ಲೇನು ಕುಂದು ಕಂಡಿರಿ?"

"ಮೊನ್ನೆ ನೀನು ಜ್ವರ ಬಂದು ಮಲಗಿದ್ದಾಗ ನಾವೆಲ್ಲ ಗಂಜಿ ಕುಡಿದೆವು. ನಿನಗೇನೋ ಪಥ್ಯ. ನಮಗೆ ಯಾವ ಜ್ವರ?"

ದಾರಿ ಕಲಿಸಿಬಿಟ್ಟರೆ ನಾಳೆ ತನ್ನನ್ನು ಕೇಳುವವರು ಯಾರು ಎಂದುಕೊಂಡ ಭೋಗಣ್ಣ.

ಗುರುಗಳು ಎದ್ದು ನೇರ ನದಿಗೆ ನಡೆದರು. ಹರಿಗೋಲಿನಲ್ಲಿ ಕೂತು ಹುಟ್ಟನ್ನು ದ್ಯಾವಪ್ಪನ ಕೈಗೆ ಕೊಟ್ಟರು. ದ್ಯಾವಪ್ಪ ಗಟ್ಟಿ ತೋಳಿನ ಶಿಷ್ಯ. ಆದರೆ ನಡುಹೊಳೆಯಲ್ಲಿ ಎಂದೂ ಹುಟ್ಟು ಹಿಡಿದವನಲ್ಲ.

"ಭೋಗಣ್ಣ, ನನ್ನ ಪಕ್ಕ ಕೂತ್ಕೋ."

"ಇವನಿಗೆ ದಾರಿ ಗೊತ್ತಿಲ್ಲ, ಬುದ್ಧಿ."

"ನನಗೂ ಗೊತ್ತಿಲ್ಲ. ಈಜೂ ಬರಲ್ಲ."

ಹರಿಗೋಲು ಹೊರಟಿತು. ನಡುಹೊಳೆಯಲ್ಲಿ ನೀರಿನ ಸದ್ದು ಬದಲಾಯಿತು. ದ್ಯಾವಪ್ಪ ಹುಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಕೈ ಮುಗಿದ.

"ಕಣ್ಣು ಬಿಡೋ, ಮಂಕೇ," ಎಂದು ಭೋಗಣ್ಣ ಕೂಗಿದ.

"ಗಂಗಮ್ಮನ ಜಾಗ ಅಲ್ವೇನಣ್ಣ?"

"ಗಂಗಮ್ಮ ಆಮೇಲೆ. ಆ ನೊರೆ ನೋಡು, ಅದರ ಎಡಕ್ಕೆ ಹೋಗಬೇಡ. ನೀರು ಉಬ್ಬಿ ನುಣ್ಣಗೆ ಕಾಣೋ ಕಡೆ ಕೆಳಗೇ ಕಲ್ಲಿದೆ, ನಂಬಬೇಡ. ಸುಕ್ಕುಸುಕ್ಕಾದ ನೀರಿಗೆ ಹಾಕು. ಹಾಂ. ಈಗ ಕೈ ಬಿಡು, ಹೊಳೆಯೇ ತಿರುಗಿಸುತ್ತೆ."

ಹರಿಗೋಲು ಒಂದು ಸುತ್ತು ತಿರುಗಿ ಶಾಂತವಾದ ನೀರಿಗೆ ಬಂತು. ಗುರುಗಳ ಕಾವಿ ಸೊಂಟದ ತನಕ ನೆನೆದಿತ್ತು.

ಆಚೆ ದಡದಲ್ಲಿ ಇಳಿದಾಗ ದ್ಯಾವಪ್ಪ ನಗುತ್ತಿದ್ದ. ಭೋಗಣ್ಣ ನಗಲಿಲ್ಲ.

"ನಾಲ್ಕು ಸಲ ಪಕ್ಕ ಕೂತು ಹೇಳಿದರೆ ಇವನೇ ದಾಟಿಸುತ್ತಾನೆ, ಬುದ್ಧಿ. ಆಮೇಲೆ ನಾನು ಯಾತಕ್ಕೆ?"

ಗುರುಗಳು ದಡದಿಂದ ಮೇಲೇರಿ ಹೋಗುವ ಬಂಡಿದಾರಿಯನ್ನು ತೋರಿಸಿದರು. "ಅದು ಎಲ್ಲಿಗೆ ಹೋಗುತ್ತೆ?"

ಭೋಗಣ್ಣ ನೋಡಿದ. ಮೂಟೆ ಇಳಿಸಿ ಪ್ರತಿ ಸಲವೂ ಇಲ್ಲಿಂದಲೇ ತಿರುಗಿದ್ದವನು ಅವನು. ಆಶ್ರಮದ ದಡದಲ್ಲಿ ಯಾರಾದರೂ ಅವನಿಗಾಗಿ ಕಾಯುತ್ತಲೇ ಇರುತ್ತಿದ್ದರು.

"ಗೊತ್ತಿಲ್ಲ, ಬುದ್ಧಿ."

"ಇವನಿಗೆ ಕಲಿಸಿ, ಆ ದಾರಿ ಹಿಡಿದು ಹೋಗಿ ಬಾ. ನೀನು ಬರುವವರೆಗೆ ಹರಿಗೋಲುಗಳು ನಿಲ್ಲದಿದ್ದರೆ, ಯಜಮಾನಿಕೆ ನಿನ್ನದೇ."