ಆನೆಯ ಕಾಲದ ಎಡಮೂಲೆ

ಕಾಡಿನ ಫುಟ್‌ಬಾಲ್ ಫೈನಲ್‌ನಲ್ಲಿ ಇನ್ನು ಉಳಿದದ್ದು ಒಂದೇ ಪೆನಾಲ್ಟಿ. ಕರಡಿಯ ಒದೆತವನ್ನು ತಡೆದರೆ ಕಪ್ ಹಳ್ಳದಂಡೆ ತಂಡಕ್ಕೆ, ಬಿಟ್ಟರೆ ಆ ಅವಕಾಶ ಹೋಯಿತು. ಗೋಲು ಕಾಯುತ್ತಿದ್ದ ಕರಿಮೂತಿಯ ಕೋತಿ, ಮುಸುವ, ಕರಡಿಯನ್ನೇ ನೋಡಿತು. ಕರಡಿಯ ಕಣ್ಣು ಮುಸುವದ ಬಲಗಡೆಯ ಮೂಲೆಯ ಮೇಲೇ ನೆಟ್ಟಿತ್ತು.

ಗೋಲುಕಂಬದ ಮೇಲೆ ಕೂತಿದ್ದ ಮುದಿ ಕಾಗೆ ಗದರಿತು: "ಎಡಕ್ಕೆ ಹಾರು! ನಮ್ಮ ಕಾಲದಲ್ಲಿ ಆನೆ ಎಡಕ್ಕೆ ಹಾರಿಯೇ ಕಪ್ ತಂದಿತ್ತು. ಹಿರಿಯರ ಮಾತು ನೆಲ್ಲಿಕಾಯಿ ಇದ್ದಂತೆ, ಮೊದಲು ಒಗರು, ಆಮೇಲೆ ಸಿಹಿ."

"ಆದರೆ ಅಜ್ಜಾ, ಕರಡಿ ನನ್ನ ಬಲಕ್ಕೆ ನೋಡುತ್ತಿದೆ."

"ಆನೆಗಿಂತ ನೀನು ದೊಡ್ಡವನೇನೋ?"

ಸುತ್ತಲಿದ್ದ ಅಭಿಮಾನಿಗಳೆಲ್ಲ "ಆನೆ! ಆನೆ!" ಎಂದು ಕೂಗಿದವು.

ಸೀಟಿ ಮೊಳಗಿತು. ಮುಸುವ ಎಡಕ್ಕೆ ಹಾರಿತು. ಚೆಂಡು ಬಲಮೂಲೆಯಲ್ಲಿ ಬಲೆ ಸೇರಿತು.

ನೆಲಕ್ಕೆ ಬಿದ್ದಿದ್ದ ಮುಸುವಕ್ಕೆ ಮೇಲಿನಿಂದ ಕಾಗೆಯ ನಿಟ್ಟುಸಿರು ಕೇಳಿಸಿತು:

"ಆನೆ ನಿಂತಿದ್ದರೆ ಚೆಂಡು ತಾನಾಗಿಯೇ ಎಡಕ್ಕೆ ಬರುತ್ತಿತ್ತು."