ಆರನೆಯ ಗುಂಡು

ಒಂದು ಕಡಲು. ಕಡಲಿಗೆ ಒಂದು ದಂಡೆ. ದಂಡೆಯ ಮೇಲೆ ಒಂದು ಬಗ್ಗಿ. ಬಗ್ಗಿ ಅಂದರೆ ಮರಳಿನ ಮೇಲೆ ಓಡುವ ಗಾಡಿ. ಬಾಗಿಲಿಲ್ಲ, ಮೇಲೆ ಮಾಡು ಇಲ್ಲ, ದಪ್ಪ ದಪ್ಪ ಚಕ್ರ. ಅದನ್ನು ಕಟ್ಟಿದವಳು ಜಲಜಕ್ಕ. ಮೂರು ವರ್ಷ ಕೂತು ಕಟ್ಟಿದಳು. ಅದರ ಮೇಲೆ ಅವಳಿಗೆ ಜೀವ.

ಒಂದು ದಿನ ಬಗ್ಗಿ ತಿರುಗುವಾಗ ಕಟ ಕಟ ಅಂದಿತು. ಕಟ ಕಟ ಕಟ ಅಂದಿತು. ಕಡಲಿನ ಹತ್ತಿರವೇ ನಿಂತುಬಿಟ್ಟಿತು.

ಜಲಜಕ್ಕನಿಗೆ ಸಿಟ್ಟು ಬಂತು. ಸಿಟ್ಟಲ್ಲೇ ಮರಳಿನ ಮೇಲೆ ಹಲಗೆ ಇಟ್ಟಳು. ಸಿಟ್ಟಲ್ಲೇ ಹಲಗೆಯ ಮೇಲೆ ಜ್ಯಾಕ್ ಇಟ್ಟಳು. ಸಿಟ್ಟಲ್ಲೇ ಚಕ್ರ ಬಿಚ್ಚಿದಳು. ಚಕ್ರ ತಿರುಗಿಸುವ ಉದ್ದದ ಸರಳು ಇರುತ್ತದಲ್ಲ, ಆಕ್ಸಲ್, ಅದನ್ನೂ ಎಳೆದಳು. ಆಕ್ಸಲಿನ ತುದಿಯಲ್ಲಿ ಒಂದು ಜಾಯಿಂಟ್. ಜಾಯಿಂಟಿನ ಒಳಗೆ ಆರು ಉಕ್ಕಿನ ಗುಂಡು.

ಜಾಯಿಂಟ್ ಬಿಚ್ಚುವ ಮೊದಲು ಕೆಳಗೆ ಗೋಣಿ ಹಾಸಬೇಕು. ಜಲಜಕ್ಕನಿಗೆ ಅದು ಗೊತ್ತು. ಆದರೆ ಸಿಟ್ಟು ನೋಡಿ, ಹಾಸಲಿಲ್ಲ.

ಜಾಯಿಂಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಳು. ಹೊಸ ಗ್ರೀಸ್ ತುಂಬಿದಳು. ಗುಂಡು ಕೂರಿಸಿದಳು. ಒಂದು. ಎರಡು. ಮೂರು. ನಾಲ್ಕು. ಐದು.

ಆರು?

ಆರನೆಯ ಗುಂಡು ಉರುಳಿತು. ಉರುಳಿ ಉರುಳಿ ಒಂದು ಬಿಲದೊಳಗೆ ಬಿತ್ತು. ಅದು ಏಡಿಯ ಬಿಲ.

ಗುಂಡು ಇಲ್ಲದೆ ಬಗ್ಗಿ ಓಡುವುದಿಲ್ಲ. ಚಕ್ರ ಇಲ್ಲದೆ ತಳ್ಳಲಿಕ್ಕೂ ಆಗುವುದಿಲ್ಲ. ಕಡಲು ಬೇರೆ ಏರುವ ಹೊತ್ತು. ಏರಿದರೆ ಬಗ್ಗಿಯನ್ನು ಎಳೆದುಕೊಂಡೇ ಹೋಗುತ್ತದೆ.

"ಏಡಿ, ಏಡಿ, ನನ್ನ ಗುಂಡು ಕೊಡು."

ಬಿಲದಿಂದ ಎರಡು ಕಣ್ಣು ಮೇಲೆ ಬಂತು. "ಕೊಡುದಿಲ್ಲ. ನನ್ನ ಎದುರು ಬಾಗಿಲ ಮೇಲೆ ಹಲಗೆ ಇಟ್ಟವಳು ನೀನು. ಹಿಂದಿನಿಂದ ಇನ್ನೊಂದು ಬಾಗಿಲು ತೋಡಿ ತೋಡಿ ನನಗೆ ಹಸಿವು. ಬಂಗುಡೆಯ ತಲೆ ತಾ. ಆಮೇಲೆ ಗುಂಡು."

ಜಲಜಕ್ಕನಿಗೆ ಸಿಟ್ಟು ಬಂತು. ಮೂಗು ಕೆಂಪಾಯಿತು. ಕಡಲು ಒಂದು ಹೆಜ್ಜೆ ಮುಂದೆ ಬಂತು.

ದಬ ದಬ ದಬ ನಡೆದಳು. ಮೀನು ಮಾರುವ ಅಪ್ಪಿಬಾಯಿಯ ಹತ್ತಿರ ಹೋದಳು.

"ಅಪ್ಪಿಬಾಯಿ, ಅಪ್ಪಿಬಾಯಿ, ಬಂಗುಡೆಯ ತಲೆ ಕೊಡು. ತಲೆ ಏಡಿಗೆ. ಏಡಿ ಗುಂಡು ಕೊಡ್ತದೆ. ಗುಂಡು ಬಗ್ಗಿಗೆ."

"ಕೊಡುದಿಲ್ಲ. ದಿನಾ ನಿನ್ನ ಬಗ್ಗಿಯಲ್ಲಿ ಐಸ್ ಬರ್ತಿತ್ತು. ಇವತ್ತು ಬರಲಿಲ್ಲ. ನನ್ನ ಮೀನೆಲ್ಲ ಬಿಸಿಲಲ್ಲಿ ಉಂಟು. ಐಸ್ ತಾ. ಆಮೇಲೆ ತಲೆ."

ಜಲಜಕ್ಕನಿಗೆ ಸಿಟ್ಟು ಬಂತು. ಮೂಗು ಕೆಂಪಾಯಿತು. ಕಿವಿ ಕೆಂಪಾಯಿತು. ಕಡಲು ಇನ್ನೊಂದು ಹೆಜ್ಜೆ ಮುಂದೆ ಬಂತು.

ದಬ ದಬ ದಬ ನಡೆದಳು. ಐಸ್ ಮಾರುವ ಮೊಯ್ದಿನಣ್ಣನ ಹತ್ತಿರ ಹೋದಳು.

"ಮೊಯ್ದಿನಣ್ಣ, ಮೊಯ್ದಿನಣ್ಣ, ಐಸ್ ಕೊಡಿ. ಐಸ್ ಅಪ್ಪಿಬಾಯಿಗೆ. ಅಪ್ಪಿಬಾಯಿ ತಲೆ ಕೊಡ್ತಾಳೆ. ತಲೆ ಏಡಿಗೆ. ಏಡಿ ಗುಂಡು ಕೊಡ್ತದೆ. ಗುಂಡು ಬಗ್ಗಿಗೆ."

"ಕೊಡುದಿಲ್ಲ. ಬೆಳಿಗ್ಗೆಯಿಂದ ನಿನ್ನ ಬಗ್ಗಿಗೆ ಕಾದು ಕಾದು ಅರ್ಧ ಐಸ್ ನೀರಾಯಿತು. ಈಗ ಕೈಯಲ್ಲಿ ಕೊಂಡುಹೋದರೆ ಉಳಿದದ್ದೂ ನೀರು. ಸುತ್ತಲಿಕ್ಕೆ ಗೋಣಿ ತಾ. ಆಮೇಲೆ ಐಸ್."

ಜಲಜಕ್ಕನಿಗೆ ಸಿಟ್ಟು ಬಂತು. ಮೂಗು ಕೆಂಪಾಯಿತು. ಕಿವಿ ಕೆಂಪಾಯಿತು. ಕೆನ್ನೆ ಕೆಂಪಾಯಿತು. ಕಡಲು ಇನ್ನೊಂದು ಹೆಜ್ಜೆ ಮುಂದೆ ಬಂತು. ನನಗಂತೂ ಹೇಳುವಾಗಲೇ ಸಿಟ್ಟು ಬರುತ್ತದೆ. ಒಂದು ಮೀನಿನ ತಲೆಗೆ ಎಷ್ಟು ಅಲೆಸುವುದು?

ದಬ ದಬ ದಬ ನಡೆದಳು. ಮರದ ಬುಡದಲ್ಲಿ ಸಂಕಮ್ಮಜ್ಜಿ ಗೋಣಿ ಹಾಸಿ ಕೂತಿದ್ದಳು.

"ಅಜ್ಜಿ, ಅಜ್ಜಿ, ಗೋಣಿ ಕೊಡಿ. ಗೋಣಿ ಮೊಯ್ದಿನಣ್ಣನಿಗೆ. ಮೊಯ್ದಿನಣ್ಣ ಐಸ್ ಕೊಡ್ತಾರೆ. ಐಸ್ ಅಪ್ಪಿಬಾಯಿಗೆ. ಅಪ್ಪಿಬಾಯಿ ತಲೆ ಕೊಡ್ತಾಳೆ. ತಲೆ ಏಡಿಗೆ. ಏಡಿ ಗುಂಡು ಕೊಡ್ತದೆ. ಗುಂಡು ಬಗ್ಗಿಗೆ."

"ಕೊಡುದಿಲ್ಲ. ದಿನಾ ನನ್ನನ್ನು ಮನೆಗೆ ಬಿಡುವವಳು ನೀನು. ಇವತ್ತು ಬರಲಿಲ್ಲ. ನನಗೆ ಮರಳಲ್ಲಿ ನಡೆಯಲಿಕ್ಕೆ ಆಗ್ತದಾ? ಬೀಗದ ಕೈ ನನ್ನ ಸೊಂಟದಲ್ಲಿ ಉಂಟು. ಮೊಮ್ಮಗಳು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಿರ್ತಾಳೆ. ಬಗ್ಗಿ ತಾ. ಆಮೇಲೆ ಗೋಣಿ."

ಬಗ್ಗಿ ತಾ!

ಬಗ್ಗಿ ಓಡಲಿಕ್ಕೆ ಗುಂಡು ಬೇಕು. ಗುಂಡಿಗೆ ತಲೆ ಬೇಕು. ತಲೆಗೆ ಐಸ್ ಬೇಕು. ಐಸಿಗೆ ಗೋಣಿ ಬೇಕು. ಗೋಣಿಗೆ ಬಗ್ಗಿ ಬೇಕು.

ಜಲಜಕ್ಕನಿಗೆ ಎಂಥ ಸಿಟ್ಟು ಬಂತು ಗೊತ್ತಾ? ಮೂಗು ಕೆಂಪಾಯಿತು. ಕಿವಿ ಕೆಂಪಾಯಿತು. ಕೆನ್ನೆ ಕೆಂಪಾಯಿತು. ಅಂಗಾಲೂ ಕೆಂಪಾಯಿತು. ಕಡಲು ಎರಡು ಹೆಜ್ಜೆ ಮುಂದೆ ಬಂತು. ಅವಳು ನೆಲಕ್ಕೆ ಒಂದು ಒದ್ದಳು. ಆಮೇಲೆ ಅಜ್ಜಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು.

"ಹತ್ತಿ ಅಜ್ಜಿ. ಇವತ್ತು ನಾನೇ ಬಗ್ಗಿ."

ಅಜ್ಜಿ ಗೋಣಿ ಹಿಡಿದುಕೊಂಡು ಬೆನ್ನ ಮೇಲೆ ಹತ್ತಿದಳು. ಜಲಜಕ್ಕ ಓಡಿದಳು. ಆ ಸಿಟ್ಟಲ್ಲಿ ಓಡಿದವಳನ್ನು ಯಾವ ಬಗ್ಗಿಯೂ ಹಿಂದೆ ಹಾಕುವುದಿಲ್ಲ.

"ಹಾರ್ನ್ ಇಲ್ಲವಾ?" ಅಂತ ಅಜ್ಜಿ ಕೇಳಿದಳು.

"ಪೋಂ," ಅಂದಳು ಜಲಜಕ್ಕ, ಸಿಟ್ಟಲ್ಲೇ.

ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಳು. ಬೀಗ ತೆಗೆದರು. ಅಜ್ಜಿ ಗೋಣಿ ಕೊಟ್ಟಳು.

ಗೋಣಿ ಮೊಯ್ದಿನಣ್ಣನಿಗೆ. ಮೊಯ್ದಿನಣ್ಣ ಅದರಲ್ಲೇ ಐಸ್ ಸುತ್ತಿ ಕೊಟ್ಟ. ಐಸ್ ಅಪ್ಪಿಬಾಯಿಗೆ. ಅಪ್ಪಿಬಾಯಿ ತಲೆ ಕೊಟ್ಟಳು. ತಲೆ ಏಡಿಗೆ. ಏಡಿ ತಲೆ ಹಿಡಿದು ಒಳಗೆ ಹೋಯಿತು. ಹೋಯಿತು, ಬರಲೇ ಇಲ್ಲ. ಕಡಲು ಹಲಗೆ ಮುಟ್ಟಿತು.

"ಏಡಿ, ಏಡಿ, ಇನ್ನು ಬಾಗಿಲು ನೋಡಿಯೇ ಹಲಗೆ ಇಡ್ತೇನೆ. ತಪ್ಪಾಯ್ತು. ಕೊಡು."

ಗುಂಡು ಹೊರಗೆ ಬಂತು.

ತೊಳೆದಳು. ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು. ಐದು. ಆರು. ಜಾಯಿಂಟಿಗೆ ರಬ್ಬರಿನ ಟೊಪ್ಪಿ ಹಾಕಿ ಪಟ್ಟಿ ಬಿಗಿದಳು. ಆಕ್ಸಲ್ ಒಳಗೆ ತಳ್ಳಿದಳು. ಟಕ್. ಚಕ್ರ ಹಾಕಿದಳು. ನಟ್ಟು ಬಿಗಿದಳು. ಜ್ಯಾಕ್ ಇಳಿಸಿದಳು. ಹಲಗೆ ತೆಗೆದಳು. ಬಗ್ಗಿ ದಂಡೆ ಹತ್ತಿತು. ತಿರುಗುವಾಗ ಕಟ ಅನ್ನಲಿಲ್ಲ, ಕಟ ಕಟ ಅನ್ನಲಿಲ್ಲ. ಕಡಲು ಬಂದು ನೋಡಿತು. ಬಗ್ಗಿ ಇದ್ದ ಜಾಗದಲ್ಲಿ ಬರೀ ಗ್ರೀಸಿನ ಕಲೆ.

ಮರುದಿನ ಇನ್ನೊಂದು ಕಡೆಯ ಚಕ್ರದ ಸರದಿ. ಜಲಜಕ್ಕ ದಂಡೆಯ ಮೇಲೆ, ಕಡಲಿನಿಂದ ದೂರ, ಮೊದಲು ಮರಳು ನೋಡಿದಳು. ಯಾರ ಬಾಗಿಲೂ ಇರಲಿಲ್ಲ. ಹಲಗೆ ಇಟ್ಟಳು. ಆಮೇಲೆ ಗೋಣಿ ಹಾಸಿದಳು, ಅಜ್ಜಿಯದೇ ಗೋಣಿ. ಒಂದು ಮೂಲೆಯಲ್ಲಿ ಅಜ್ಜಿಯೇ ಕೂತು ಗುಂಡು ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು. ಐದು.

ಆರು. ಟಕ್.

ಬಗ್ಗಿ ಅಜ್ಜಿಯ ಮನೆಗೆ. ಕತೆ ನಿಮ್ಮ ಮನೆಗೆ.