ಎಡಗಡೆಯ ಗೋಡೆ

ಕಣದ ಬದಿಯ ಬಿಲವೊಂದರಲ್ಲಿ ಸೊಂಡಿಲಿಯೊಂದು ತನ್ನ ಮುದಿ ಅತ್ತೆಯೊಡನೆ ವಾಸವಾಗಿತ್ತು. ಅಡುಗೆಮನೆಯನ್ನೂ ಪಕ್ಕದ ಊಟದ ಕೋಣೆಯನ್ನೂ ಚೆಂದ ಮಾಡಬೇಕೆಂದು ಅದಕ್ಕೆ ಆಸೆಯಾಯಿತು. ಬಿಲ ಕೊರೆಯುವುದರಲ್ಲಿ ಹೆಸರಾದ ಹೆಗ್ಗಣವನ್ನು ಸಲಹೆಗೆಂದು ಕರೆಸಿತು.

ಹೆಗ್ಗಣ ಇಡೀ ದಿನ ಮೂಲೆಯಲ್ಲಿ ಕೂತು ಮನೆಯವರ ಓಡಾಟ ನೋಡಿತು. ಸಂಜೆ ಎದ್ದು, "ಒಲೆ ಇದ್ದಲ್ಲೇ ಇರಲಿ. ಎಡಗಡೆಯ ಗೋಡೆಗೆ ತಾಗಿಸಿ ಮಾತ್ರ ಏನನ್ನೂ ಇಡಬೇಡಿ" ಎಂದಿತು.

"ಇಷ್ಟು ಹೇಳಲು ನಿಮಗೆ ಒಂದು ದಿನ ಬೇಕಾಯಿತೇ?" ಎಂದು ಸೊಂಡಿಲಿ ನಕ್ಕು ಅದನ್ನು ಕಳುಹಿಸಿತು. ಮರುದಿನವೇ ಒಣಗಿದ ಸೋರೆ ಬುರುಡೆಯ ಕಪಾಟೊಂದನ್ನು ತಂದು ಆ ಗೋಡೆಗೇ ಒರಗಿಸಿ ನಿಲ್ಲಿಸಿತು. ನೆರೆಯ ಇಲಿಗಳೆಲ್ಲ ಬಂದು ನೋಡಿ ಹೊಗಳಿದವು.

ಅಂದಿನಿಂದ ಅತ್ತೆ ಅಡುಗೆಮನೆಯ ಕಡೆ ಬರಲಿಲ್ಲ. ಕರೆದರೆ, "ಊಟ ಇಲ್ಲಿಗೇ ತಂದುಕೊಡಮ್ಮ" ಎನ್ನುತ್ತಿತ್ತು.

ನಾಲ್ಕನೆಯ ದಿನ ಸೊಂಡಿಲಿ, "ನನ್ನ ಮೇಲೆ ಕೋಪವೇ, ಅತ್ತೆ?" ಎಂದು ಕೇಳಿತು.

"ಕೋಪ ಯಾಕಮ್ಮ? ಕಣ್ಣು ಮಂಜಾದ ಮೇಲೆ ಆ ಗೋಡೆ ಸವರಿಕೊಂಡೇ ಒಲೆಯ ಹತ್ತಿರ ಬರುತ್ತಿದ್ದೆ. ಈಗ ನಡುವೆ ಏನೋ ಅಡ್ಡ ಸಿಗುತ್ತದೆ. ನೀನು ಅಷ್ಟು ಇಷ್ಟಪಟ್ಟು ತಂದದ್ದನ್ನು ಬೇಡವೆಂದು ಹೇಗೆ ಹೇಳಲಿ?"

ಸೊಂಡಿಲಿಗೆ ನಾಚಿಕೆಯಾಯಿತು. ಒಂದೇ ಮನೆಯಲ್ಲಿದ್ದು ತಾನು ಕಾಣದ್ದನ್ನು ಹೆಗ್ಗಣ ಒಂದೇ ದಿನದಲ್ಲಿ ಕಂಡಿತ್ತು. ಸೊಂಡಿಲಿ ಆ ಗಳಿಗೆಯೇ ಕಪಾಟನ್ನು ಎಳೆದು ಹೊರಗೆ ಹಾಕಿತು.

ಮರುದಿನ ಅತ್ತೆ ಮೆಲ್ಲಗೆ ಬಂದು, ಒಲೆಯ ಮುಂದೆ ಕೂತು, ಸಾರಿನ ರುಚಿ ನೋಡಿ, "ಉಪ್ಪು ಸಾಲದು" ಎಂದಿತು.

ಸೊಂಡಿಲಿ ಸಂತೋಷದಿಂದ ಉಪ್ಪು ಹಾಕಿತು.